ವೈಜಾಗ್ ರೇಡಿಯೊದಲ್ಲಿ ನನ್ನ ಬೈಗುಳ

ಮೊದಲು ಡ್ರಮ್ಮಿನ ಸದ್ದು, ತಗಡಿನ ಮಾಡಿನ ಮೇಲೆ ಒಂದು ಮೂಟೆ ತೆಂಗಿನಕಾಯಿ ಸುರಿದ ಹಾಗೆ. ಅದರ ಬೆನ್ನಿಗೇ ಗಿಟಾರು, ಹಸಿ ಮರಕ್ಕೆ ಸಿಕ್ಕಿಕೊಂಡ ಗರಗಸದ ಹಾಗೆ. ಆಮೇಲೆ ಗಂಡಸಿನದೋ ಹೆಂಗಸಿನದೋ ತಿಳಿಯದ ಒಂದು ಗಂಟಲು ಅಚ್ಚ ಕನ್ನಡದಲ್ಲಿ ಗುಡುಗಿತು: "ಹಾಲು ಉಕ್ತಾ ಇದೆ, ಗ್ಯಾಸ್ ಆರ್ಸೇ."

2007ನೇ ಇಸವಿಯ ಸೆಪ್ಟೆಂಬರ್ ಕೊನೆ. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದ ನಮ್ಮ ಬ್ಯಾಂಕಿನ ಬ್ರ್ಯಾಂಚಿನಿಂದ ಪೆಂಡುರ್ತಿಯ ಬಾಡಿಗೆ ಮನೆಗೆ ಷೇರ್ ಆಟೋದಲ್ಲಿ ಹೊರಟಿದ್ದೆ. ಸಂಜೆ ಆರೂವರೆ. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಒತ್ತಿಕೊಂಡು ಕೂತಿದ್ದೆವು. ಆಟೋದ ಸ್ಪೀಕರು ನನ್ನ ಕಿವಿಯ ಹಿಂದೆಯೇ ಇತ್ತು. ಅದರಿಂದ ಒಂದಾದ ಮೇಲೊಂದು ಬಂತು: "ತಲೆ ಬಾಚ್ಕೊ, ದೆವ್ವ ಇದ್ದ ಹಾಗಿದೀಯ." "ಬಾಲ್ಕನೀಲಿ ಏನೇ ನಿಂಗೆ ಕೆಲ್ಸ." ಕೊನೆಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಮೇಲೆ ಬಿದ್ದು, ಮೂರು ಮೂರು ಸಲ, "ನಾಲ್ಕು ಜನ! ನಾಲ್ಕು ಜನ! ನಾಲ್ಕು ಜನ ಏನಂತಾರೆ!"

ಅವೆಲ್ಲ ನನ್ನ ಮಾತುಗಳು. ನನ್ನ ಅಡುಗೆಮನೆಯಲ್ಲಿ, ನನ್ನ ಬಾಯಿಂದ, ಹತ್ತೊಂಬತ್ತು ವರ್ಷದ ನನ್ನ ಮಗಳು ಮೇಘನಾಳಿಗೆ ದಿನಾ ಬೀಳುತ್ತಿದ್ದ ಬೈಗುಳ. ಆ ಹುಲಿಯ ಗಂಟಲು ಅವಳದೇ ಎಂದು ನನಗೆ ಎರಡನೆಯ ಸಾಲಿಗೇ ಗೊತ್ತಾಯಿತು. ಹೆತ್ತವಳಲ್ಲವೇ, ಹೇಗೆ ಬದಲಾಯಿಸಿಕೊಂಡರೂ ತಿಳಿಯುತ್ತದೆ.

ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಏ ಭಾಷ ಮೇಡಂ ಗಾರು ಇದಿ?" ಎಂದ.

"ಕನ್ನಡ," ಎಂದೆ.

"ದೇವುಡಿ ಪಾಟಾ?"

ದೇವರ ಹಾಡಲ್ಲ, ಅಡುಗೆಮನೆ ಹಾಡು ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿವಿ ಮುಚ್ಚಿಕೊಂಡು, ನಿಮ್ಮ ಕಡೆ ಅಡುಗೆ ಹೀಗೆ ಮಾಡ್ತಾರಾ ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಕಿವಿಯಿಂದ ಕೆನ್ನೆಯವರೆಗೆ ಬಿಸಿಯಾಯಿತು.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳಿದೆ, "ಏನೇ ಅದು?"

ಅವಳು ನಗುತ್ತಲೇ ಬಂದಳು. ಇಂಜಿನಿಯರಿಂಗ್ ಮೂರನೇ ವರ್ಷ. ಕಾಲೇಜಿನ ಇಬ್ಬರು ಗೆಳೆಯರ ಜೊತೆ ಒಂದು ಬ್ಯಾಂಡ್ ಮಾಡಿಕೊಂಡಿದ್ದಾಳೆಂದು ಗೊತ್ತಿತ್ತು, ಇಂಗ್ಲಿಷಿನಲ್ಲಿ ಏನೋ ಹಾಡುತ್ತಾರೆ ಎಂದುಕೊಂಡಿದ್ದೆ. ಯಾರದೋ ಮನೆಯ ಮಹಡಿಯಲ್ಲಿ ರೆಕಾರ್ಡ್ ಮಾಡಿ, ಸೀಡಿಯೊಂದನ್ನು ಎಫ್‌ಎಂ ಸ್ಟೇಷನ್ನಿನ ರಿಸೆಪ್ಷನ್ನಿನಲ್ಲಿ ಇಟ್ಟು ಬಂದಿದ್ದರಂತೆ. "ಹೆವಿ ಮೆಟಲ್ ಅಮ್ಮ. ಕಿಟ್ಟು ಹಾಕ್ದ. ನಾಳೆನೂ ಹಾಕ್ತಾನಂತೆ."

"ನಮ್ಮನೆ ವಿಷಯ ಬೀದಿಗೆ ಹಾಕೋಕೆ ನಾಚ್ಕೆ ಆಗಲ್ವಾ? ಹಾಡಬೇಕಿದ್ರೆ ತೆಲುಗಲ್ಲಿ ಹಾಡು. ನಿಂಗೆ ತೆಲುಗು ಚೆನ್ನಾಗಿ ಬರತ್ತಲ್ಲ."

"ತೆಲುಗಲ್ಲಿ ನಂಗೆ ಕೋಪ ಬರಲ್ಲ ಅಮ್ಮ. ಕೋಪ ಬಂದ್ರೆ ಕನ್ನಡಾನೇ ಬರತ್ತೆ. ಅದೂ ನೀನು ಹೇಳಿದ್ದಷ್ಟೇ. ಇನ್ನು ಬೇರೆ ಕನ್ನಡ ನಂಗೆಲ್ಲಿ ಗೊತ್ತು?"

ಮಾತು ನಿಜ. ನನ್ನ ಯಜಮಾನರು ಅಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರ್. ಮೇಘನಾ ಹುಟ್ಟಿದ್ದು, ಬೆಳೆದದ್ದು ಎಲ್ಲ ಆಂಧ್ರದಲ್ಲೇ. ಶಾಲೆ ಇಂಗ್ಲಿಷ್, ಬೀದಿ ತೆಲುಗು. ಕನ್ನಡವೆಂದರೆ ನಮ್ಮ ಮನೆಯೊಳಗಿನ ಮೂರು ಕೋಣೆ. ಓದಲು ಬರೆಯಲು ಅವಳಿಗೆ ಒಂದಕ್ಷರ ಕಲಿಸಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನಾನೇ ಹಳಗನ್ನಡವೆಂದರೆ ಓಡುತ್ತಿದ್ದವಳು, ಇನ್ನು ಮಗಳಿಗೇನು ಕಲಿಸುವುದು.

ಕಿಟ್ಟು ಎಂದರೆ ಆ ಸ್ಟೇಷನ್ನಿನ ಸಂಜೆಯ ಆರ್‌ಜೆ. ಇಡೀ ದಿನ ಅಲ್ಲಿ ತೆಲುಗು ಸಿನಿಮಾ ಹಾಡು. ಆರೂವರೆಗೆ ಒಂದೇ ಒಂದು ಹಾಡು ಮಾತ್ರ ಆರ್‌ಜೆಯ ಸ್ವಂತ ಆಯ್ಕೆಯದು. ಆ ಒಂದು ಜಾಗವನ್ನು ಅವನು ಒಂದು ತಿಂಗಳು ನನ್ನ ಮಗಳಿಗೆ ಕೊಟ್ಟ. "ನಿಮಗೆ ಇಷ್ಟವಾಗುವವರೆಗೂ ಹಾಕುತ್ತೇನೆ. ಬೇಗ ಇಷ್ಟಪಟ್ಟುಬಿಡಿ, ಬದುಕಿಕೊಳ್ಳುತ್ತೀರಿ," ಎಂದು ತೆಲುಗಿನಲ್ಲಿ ಸವಾಲು ಹಾಕಿದ. ಮೊದಲ ವಾರ ಬಂದ ಫೋನುಗಳೆಲ್ಲ ಬೈಗುಳವೇ. ನಮ್ಮ ಪೆಂಡುರ್ತಿಯ ಒಬ್ಬ ರೈತ, ಇದು ಶುರುವಾದಾಗಿನಿಂದ ನಮ್ಮ ಎಮ್ಮೆ ಸಂಜೆ ಹಾಲು ಕೊಡುತ್ತಿಲ್ಲ ಎಂದ. ಕಿಟ್ಟು, "ಹಾಗಾದರೆ ಎಮ್ಮೆಗೆ ಅರ್ಥವಾಗಿದೆ ಅಂಕಲ್, ನನಗೇ ಇನ್ನೂ ಆಗಿಲ್ಲ," ಎಂದ.

ಎರಡನೆಯ ವಾರ ಯಾರೋ ಕನ್ನಡದ ಹೆಂಗಸು ಫೋನ್ ಮಾಡಿ ಸಾಲು ಸಾಲಾಗಿ ಅರ್ಥ ಹೇಳಿಬಿಟ್ಟರು. ಅಲ್ಲಿಗೆ ಇಡೀ ಊರಿನ ಮನಸ್ಸು ತಿರುಗಿತು. ತೆಲುಗು ತಾಯಂದಿರು ಫೋನ್ ಮಾಡಿ ತಮ್ಮ ತಮ್ಮ ಬೈಗುಳ ಹೇಳತೊಡಗಿದರು. ಕಾಲೇಜು ಹುಡುಗಿಯರು "ನಾಲ್ಕು ಜನ, ನಾಲ್ಕು ಜನ" ಎಂದು ಬಸ್ಸಿನಲ್ಲಿ ಕಿರುಚುವುದನ್ನು ನಾನೇ ಕೇಳಿದೆ. ಕನ್ನಡ ಬಾರದ ಹುಡುಗಿಯರು. ನನ್ನ ಕೋಪ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಆರೂವರೆಗೆ ಸರಿಯಾಗಿ ಆಟೋದಲ್ಲಿರುವ ಹಾಗೆ ಕ್ಯಾಷ್ ಟ್ಯಾಲಿ ಮುಗಿಸತೊಡಗಿದೆ.

ಒಂದು ಮಧ್ಯಾಹ್ನ ಕಿಟ್ಟು ಬ್ರ್ಯಾಂಚಿಗೇ ಬಂದ. ಇಪ್ಪತ್ತಾರು ಇಪ್ಪತ್ತೇಳರ ಸಣಕಲು ಹುಡುಗ, ರೇಡಿಯೊದ ಅಷ್ಟು ದೊಡ್ಡ ದನಿ ಎಲ್ಲಿಟ್ಟುಕೊಂಡಿದ್ದಾನೆ ಅನ್ನಿಸಬೇಕು. ಕೈಮುಗಿದು, "ಅಮ್ಮಗಾರು, ಆ ಮಾತೆಲ್ಲ ನಿಮ್ಮವಂತೆ. ನಿಮ್ಮ ಪರ್ಮಿಷನ್ ಕೇಳದೆ ಹಾಕಿಬಿಟ್ಟೆ," ಎಂದ.

"ನಿನಗೆ ಭಾಷೆಯೇ ಬರಲ್ವಲ್ಲಪ್ಪ. ಏನು ಕಂಡು ಹಾಕಿದೆ?" ಎಂದು ತೆಲುಗಿನಲ್ಲಿ ಕೇಳಿದೆ.

ಅವನ ಊರು ವಿಜಯವಾಡದ ಹತ್ತಿರದ ಕೊಂಡಪಲ್ಲಿ. ಅಪ್ಪ ಅಲ್ಲಿನ ಥರ್ಮಲ್ ಪ್ಲಾಂಟಿನಲ್ಲಿ ಬಾಯ್ಲರ್ ಆಪರೇಟರ್ ಆಗಿದ್ದರಂತೆ. "ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡೋದು ಅಮ್ಮ, ಬಾಯ್ಲರ್ ಸದ್ದಿಗೆ ಅಪ್ಪನ ಕಿವಿ ಹೋಗಿತ್ತು. ಪ್ರೀತಿಗೂ ಕೂಗಬೇಕು, ಜಗಳಕ್ಕೂ ಕೂಗಬೇಕು. ಈ ಹುಡುಗಿ ಕೂಗೋದು ಕೇಳಿ, ಇದು ಯಾರದೋ ಮನೆ ಅನ್ನಿಸಿತು. ಅಷ್ಟೇ." ಮ್ಯಾನೇಜರು ಎರಡು ಸಲ ವಾರ್ನಿಂಗ್ ಕೊಟ್ಟಿದ್ದಾರೆ ಎಂದೂ ನಕ್ಕುಕೊಂಡೇ ಹೇಳಿದ. ನಾನು ಕಾಫಿ ತರಿಸಿದೆ. ಅವನು ಕುಡಿದು, ಲೋಟವನ್ನು ತಾನೇ ತೊಳೆಯುವ ಜಾಗದಲ್ಲಿ ಇಟ್ಟು ಹೋದ.

ಇನ್ನು ಮುಂದಿನದನ್ನು ಬರೆಯುವಾಗ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ವೈಜಾಗಿನಲ್ಲಿ ನಮ್ಮ ಕನ್ನಡದವರದೊಂದು ಸಂಘವಿತ್ತು. ಹೆಸರು ಬೇಡ. ಬ್ಯಾಂಕಿನವರು, ಕಾರ್ಖಾನೆಯವರು, ಎಲ್ಲ ಸೇರಿ ನೂರೈವತ್ತು ಮನೆ. ಅಧ್ಯಕ್ಷರು ದೇಸಾಯಿ, ಹುಬ್ಬಳ್ಳಿ ಕಡೆಯವರು, ನಮ್ಮ ಬ್ಯಾಂಕಿನದೇ ರೀಜನಲ್ ಆಫೀಸಿನಲ್ಲಿ ದೊಡ್ಡ ಹುದ್ದೆ. ಅವರಿಗೆ ಒಂದು ನೋವಿತ್ತು, ಅದನ್ನು ನಾನು ಒಪ್ಪುತ್ತೇನೆ. ಹಿಂದಿನ ವರ್ಷ ಸಂಘದ ಹೆಂಗಸರೆಲ್ಲ ಸೇರಿ ಭಾವಗೀತೆಗಳ ಒಂದು ಸೀಡಿ ಮಾಡಿದ್ದೆವು. ನಾನೂ ಹಾಡಿದ್ದೆ. ರಾಜ್ಯೋತ್ಸವದ ದಿನ ಅರ್ಧ ಗಂಟೆ ಹಾಕಿ ಎಂದು ದೇಸಾಯಿಯವರು ಅದೇ ಎಫ್‌ಎಂ ಸ್ಟೇಷನ್ನಿಗೆ ನಾಲ್ಕು ಸಲ ಹೋಗಿದ್ದರು. ಕನ್ನಡ ಕೇಳುವವರು ಇಲ್ಲಿಲ್ಲ ಎಂದು ಸೀಡಿ ವಾಪಸು ಕೊಟ್ಟಿದ್ದರು.

ಅಕ್ಟೋಬರ್ ಕೊನೆಯ ಭಾನುವಾರ ಅವರು ನನ್ನನ್ನು ತಮ್ಮ ಮನೆಗೆ ಕರೆಸಿದರು. ಕಮಿಟಿಯ ಐದಾರು ಜನ ಕೂತಿದ್ದರು. ಟೀಪಾಯಿಯ ಮೇಲೆ ಚೂಡಾ, ಚಹಾ. ಯಾರೂ ಮುಟ್ಟಿರಲಿಲ್ಲ.

"ಬರ್ರಿ ಮೇಡಂ, ಕೂಡ್ರಿ," ಎಂದರು ದೇಸಾಯಿ. "ವರ್ಷಗಟ್ಲೆ ನಾವು ಆ ಮಂದೀದು ಕಾಲು ಹಿಡದ್ವಿ. ಒಂದ್ ಹಾಡು ಹಾಕ್ಲಿಲ್ಲ. ಈಗ ನಿಮ್ಮ ಮಗಳು ಚೀರೂದನ್ನ ದಿನಾ ಹಾಕ್ತಾರ. ಈ ಊರ ಮಂದಿ ಕನ್ನಡ ಅಂದ್ರ ಹಿಂಗ ಅಂತ ತಿಳಕೊಂಡಾರ. ನನ್ನ ಆಫೀಸ್ನ್ಯಾಗ ಪ್ಯೂನ್ ಸೈತ, ಸಾರ್ ನಾಲ್ಕು ಜನ ಅಂತ ನಗತಾನ. ನಿಮಗ ಛಲೋ ಅನಸ್ತದೇನು?"

"ಹುಡುಗಿ ಸರ್. ಮನೆಯಲ್ಲಿ ಆಡುವ ಮಾತು ಹಾಡಿದಾಳೆ," ಎಂದೆ.

"ಮನಿಯಾಗಿನ ಮಾತು ಮನಿಯಾಗ ಇರ್ಬೇಕಲ್ರಿ. ಕಾನ್ವೆಂಟಿನ್ಯಾಗ ಕಲ್ತವ್ರು ನೀವು, ನಾ ಹೇಳೂದೇನದ."

ಅವರ ತೀರ್ಮಾನ ಮೊದಲೇ ಆಗಿತ್ತು. ನವೆಂಬರಿನ ರಾಜ್ಯೋತ್ಸವದ ವೇದಿಕೆಯ ಮೇಲೆ ಮೇಘನಾ ಕ್ಷಮೆ ಕೇಳಬೇಕು, ಆ ಆರ್‌ಜೆಯೂ ಬಂದು ಕೇಳಬೇಕು. ಸ್ಟೇಷನ್ನಿಗೆ ನಮ್ಮ ಬ್ಯಾಂಕಿನ ಹಬ್ಬದ ಸಾಲದ ಜಾಹೀರಾತು ಹೋಗುತ್ತಿತ್ತು. ಆ ಫೈಲು ದೇಸಾಯಿಯವರ ಟೇಬಲ್ಲಿನದು. ಹಾಡು ನಿಲ್ಲದಿದ್ದರೆ ಜಾಹೀರಾತು ನಿಲ್ಲುತ್ತದೆ ಎಂಬ ಅವರ ಪತ್ರ ಆಗಲೇ ಹೋಗಿಯಾಗಿತ್ತು.

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ದನಿ ಇಳಿಸಿ ಹೇಳಿದರು: "ಟ್ರಾನ್ಸ್‌ಫರ್ ಲಿಸ್ಟ್ ತಯಾರಾಗ್ಲಿಕ್ಕತ್ತದ ಮೇಡಂ. ಅದು ನನ್ನ ಕೈಯಾಗ ಇಲ್ಲ ಬಿಡ್ರಿ. ಆದ್ರ ಮ್ಯಾಲಿನವ್ರು ನನ್ನ ಒಂದ್ ಮಾತು ಕೇಳ್ತಾರ. ಮಗಳ ಓದು ಮುಗಿಯೋತನಕ ನೀವು ಇಲ್ಲೇ ಇರಬೇಕಲ್ಲ?"

ನಾನು ಏನು ಮಾಡಬೇಕಿತ್ತು? ಐ ಶುಡ್ ಹ್ಯಾವ್ ವಾಕ್ಡ್ ಔಟ್. ನಡೆದು ಹೊರಗೆ ಬರಬೇಕಿತ್ತು, ಅಷ್ಟೇ. ನಾನು, "ಥ್ಯಾಂಕ್ಯೂ ಸರ್," ಎಂದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಮ್ಯಾನರ್ಸ್.

ಮೇಘನಾ ಮೊದಲು ಸುತಾರಾಂ ಒಪ್ಪಲಿಲ್ಲ. "ನಾನೇನು ತಪ್ಪು ಮಾಡಿದೀನಿ ಅಮ್ಮ? ಒಂದು ತಪ್ಪು ತೋರ್ಸು, ಸಾರಿ ಕೇಳ್ತೀನಿ."

"ಎರಡು ನಿಮಿಷದ ಕೆಲಸ. ಸ್ಟೇಜ್ ಹತ್ತಿ ಸಾರಿ ಅಂತ ಹೇಳಿ ಇಳಿದುಬಿಡು. ನಂಗೆ ಟ್ರಾನ್ಸ್‌ಫರ್ ಆಗಿ, ಅಪ್ಪ ಇಲ್ಲಿ, ನಾನೆಲ್ಲೋ, ನೀನು ಹಾಸ್ಟೆಲಲ್ಲಿ, ಹಾಗಾಗಬೇಕಾ? ನಾವು ಈ ಜನರ ಮಧ್ಯೆ ಬದುಕಬೇಕು. ನಾಳೆ ನಾಲ್ಕು ಜನ ಏನಂ..."

ಬಾಯಿಂದ ಅದೇ ಬರುತ್ತಿತ್ತು, ಅರ್ಧಕ್ಕೆ ನುಂಗಿದೆ. ಅವಳು ನನ್ನನ್ನು ನೋಡಿದಳು. ಆ ನೋಟಕ್ಕೆ ಹೆಸರಿಡಲು ನನಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. "ಸರಿ, ಬರ್ದು ಕೊಡು," ಎಂದಳು.

ಬರೆದುಕೊಟ್ಟೆ. ಕ್ಷಮಾಪಣೆಯ ಎಂಟು ಸಾಲು, ದೇಸಾಯಿಯವರು ಫೋನಿನಲ್ಲಿ ಹೇಳಿದ ಹಾಗೇ, ಗ್ರಾಂಥಿಕ ಕನ್ನಡದಲ್ಲಿ. ಅವಳಿಗೆ ಓದಲು ಬಾರದ್ದರಿಂದ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಎ, ಬಿ, ಸಿ, ಡಿಯಲ್ಲಿ ಭುವನೇಶ್ವರಿಯ ಕ್ಷಮೆ. ನನ್ನ ಕೈಬರಹ ಚೆಂದ, ಬಹುಮಾನ ಬಂದ ಕೈಬರಹ. ಅಷ್ಟು ಚೆಂದವಾಗಿ ಬರೆದೆ.

ರಾಜ್ಯೋತ್ಸವದ ದಿನ ಹಾಲ್ ತುಂಬಿತ್ತು. ಯಜಮಾನರಿಗೆ ಶಿಫ್ಟ್ ಇತ್ತು, ಬಂದಿರಲಿಲ್ಲ. ನಾನು ಹಾಡುವ ಹೆಂಗಸರ ಗುಂಪಿನ ಜೊತೆ, ಎಲ್ಲರಂತೆ ಹಳದಿ ಸೀರೆ ಕೆಂಪು ರವಿಕೆಯಲ್ಲಿ, ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ. ಮೇಘನಾ ಜೀನ್ಸ್ ಬಿಟ್ಟು ನನ್ನ ಸೀರೆ ಉಟ್ಟುಕೊಂಡಿದ್ದಳು. ಅದನ್ನು ನಾನು ಹೇಳಿರಲಿಲ್ಲ. ತಾನೇ ಉಟ್ಟಿದ್ದಳು.

ಹಾಳೆ ಹಿಡಿದು ಓದತೊಡಗಿದಳು. "ನನ್ನ ಅಜ್ಞಾನದಿಂದ" ಎನ್ನುವುದು ಅಜ್‌ನಾನವಾಯಿತು. "ಕನ್ನಡಿಗರೆಲ್ಲರ" ಎಂದು ಬರುವಲ್ಲಿ ತಡವರಿಸಿದಳು. ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ದೇಸಾಯಿಯವರು ಇನ್ನೊಂದು ಮೈಕ್ ತೆಗೆದುಕೊಂಡು, "ನಿಲ್ಲವಾ, ನಿಲ್ಲು. ಅಜ್ಞಾನ. ಹೇಳು, ಅಜ್ಞಾನ," ಎಂದು ತಿದ್ದಿದರು. ಅವಳು ಹೇಳಿದಳು. "ಸರಿ ಬರ್ಲಿಲ್ಲ. ಮತ್ತೊಮ್ಮೆ." ಅವಳು ಮತ್ತೊಮ್ಮೆ ಹೇಳಿದಳು. ಎಂಟು ಸಾಲಿಗೆ ಐದು ಸಲ ನಿಲ್ಲಿಸಿ ತಿದ್ದಿದರು. ಜನ ಚಪ್ಪಾಳೆ ತಟ್ಟಿದರು. ದೇಸಾಯಿಯವರು, "ಮೊದಲ ತಾಯಿ ಭಾಷಾ ಶುದ್ಧ ಕಲಿ ತಂಗಿ, ಆಮ್ಯಾಲೆ ಹಾಡು," ಎಂದರು. ಮತ್ತೆ ಚಪ್ಪಾಳೆ.

ನನಗೆ ಆರು ವರ್ಷವಿದ್ದಾಗ, ಕ್ಲಾಸಿನಲ್ಲಿ ಬಾಯಿ ತಪ್ಪಿ ಕನ್ನಡ ಮಾತಾಡಿದ್ದಕ್ಕೆ ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಒಂದು ಪೀರಿಯಡ್ ಪೂರ್ತಿ. ಅದನ್ನು ನಾನು ಎಪ್ಪತ್ತರ ಈ ವಯಸ್ಸಿನಲ್ಲೂ ಕ್ಷಮಿಸಿಲ್ಲ. ಅಂಥವಳು ನಾನು, ಕನ್ನಡ ಮಾತಾಡಿದ್ದಕ್ಕೆ ನನ್ನ ಮಗಳನ್ನು ಕನ್ನಡದವರ ಮುಂದೆಯೇ ನಿಲ್ಲಿಸಿದೆ.

ಆಗ ಕೊನೆಯ ಸಾಲಿನಿಂದ ಯಾರೋ ಎದ್ದರು. ಕಿಟ್ಟು. ಎರಡು ದಿನದ ಹಿಂದೆಯೇ ಅವನನ್ನು ಕೆಲಸದಿಂದ ತೆಗೆದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಅವನು ಬರಬೇಕಾದ ಅಗತ್ಯವೇ ಇರಲಿಲ್ಲ. ಮೈಕಿಲ್ಲದೆಯೇ ಆ ದೊಡ್ಡ ದನಿಯಲ್ಲಿ, "ಸಾರ್, ಹಾಡು ಹಾಕಿದ್ದು ನಾನು. ಆ ಹುಡುಗಿಯನ್ನು ಬಿಟ್ಟುಬಿಡಿ. ತಪ್ಪಿದ್ದರೆ ನನ್ನದು," ಎಂದು ತೆಲುಗಿನಲ್ಲಿ ಶುರು ಮಾಡಿದ.

"ಇಲ್ಲಿ ತೆಲುಗು ಬ್ಯಾಡ," ಎಂದರು ದೇಸಾಯಿ. "ಇದು ಕನ್ನಡದ ವೇದಿಕೆ. ಕನ್ನಡದಾಗ ಮಾತಾಡು, ಇಲ್ಲಾ ಕೂಡು."

ಸಭೆ ಗೊಳ್ಳೆಂದಿತು. ಅವನಿಗೆ ಗೊತ್ತಿದ್ದ ಕನ್ನಡವೆಂದರೆ ಆ ಹಾಡೊಂದೇ. ಅದನ್ನು ಅವನು ಅಲ್ಲಿ ಹೇಳಲಿಲ್ಲ. ಕೈಮುಗಿದು ಹೊರಟುಹೋದ.

ಮುಂದಿನ ಐಟಮ್ ನಮ್ಮದು. ನಾಡಗೀತೆ. ಮೇಘನಾ ಆ ಕಡೆಯ ಮೆಟ್ಟಿಲು ಇಳಿದಳು, ನಾನು ಈ ಕಡೆಯ ಮೆಟ್ಟಿಲು ಹತ್ತಿದೆ. ಹತ್ತಿ ಹಾಡಿದೆ. ಶ್ರುತಿ ಕೂಡ ತಪ್ಪಲಿಲ್ಲ. ದೇಸಾಯಿಯವರ ಮೇಲಿನ ಸಿಟ್ಟು ವರ್ಷ ಕಳೆದ ಹಾಗೆ ಹಳತಾಗಿದೆ, ಅವರೂ ಈಗಿಲ್ಲ. ಆದರೆ ಆ ದಿನ ತಪ್ಪದ ಆ ಶ್ರುತಿಯ ಮೇಲಿನ ಸಿಟ್ಟು ಹಾಗೇ ಇದೆ.

ಮನೆಗೆ ಬಂದ ಮೇಲೆ, "ಊಟಕ್ಕೆ ಬಾರೇ," ಎಂದೆ.

"ಆಕಲಿ ಲೇದು," ಎಂದಳು. ಹಸಿವಿಲ್ಲ.

ತಮಾಷೆ ಎಂದುಕೊಂಡೆ. ಮಾರನೆಯ ದಿನವೂ ತೆಲುಗು, ಇಲ್ಲವೇ ಇಂಗ್ಲಿಷ್. ಒಂದು ವಾರ ಕಾದು, "ಸಾಕು ಮಾಡೇ ನಾಟಕ, ಕನ್ನಡದಲ್ಲಿ ಮಾತಾಡು," ಎಂದು ರೇಗಿದೆ. ಅವಳು ಶಾಂತವಾಗಿ, "ಐ ಡೋಂಟ್ ಸ್ಪೀಕ್ ಇಟ್ ಕರೆಕ್ಟ್ಲಿ, ಮಮ್ಮಿ," ಎಂದಳು. ಅಮ್ಮ ಎನ್ನುವುದೂ ಹೋಗಿತ್ತು. ಗಿಟಾರನ್ನು ಬ್ಯಾಂಡಿನ ಹುಡುಗನಿಗೆ ಕೊಟ್ಟುಬಂದಳು, ಹಾಡುವುದೂ ಅಲ್ಲಿಗೆ ನಿಂತಿತು. ಯಜಮಾನರು ಒಂದೇ ಮಾತು ಕೇಳಿದರು: "ಯಾಕೆ ಕಳಿಸ್ದೆ ನೀನು?" ಆ ಮನೆಯಲ್ಲಿ ಆಮೇಲೆ ಹಾಲು ಉಕ್ಕಿದರೂ ನಾನು ಸುಮ್ಮನೆ ಎದ್ದು ಹೋಗಿ ಗ್ಯಾಸ್ ಆರಿಸಿ ಬರುತ್ತಿದ್ದೆ.

ಏಪ್ರಿಲ್‌ನಲ್ಲಿ ಲಿಸ್ಟ್ ಬಂತು. ನನಗೆ ವಿಜಯವಾಡ.

ದೇಸಾಯಿಯವರಿಗೆ ಫೋನ್ ಮಾಡಿದೆ. "ನಾ ಹೇಳಿ ನೋಡ್ದೆ ಮೇಡಂ, ಅಡ್ಮಿನಿಸ್ಟ್ರೇಟಿವ್ ಗ್ರೌಂಡ್ಸ್ ಅಂದ್ರು," ಎಂದರು. ಹೇಳಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ವಿಜಯವಾಡದಲ್ಲಿ ಒಂದು ರೂಮು ಹಿಡಿದೆ. ಶನಿವಾರ ಬ್ಯಾಂಕು ಮುಗಿಸಿ ರೈಲು ಹತ್ತಿ ಏಳು ಗಂಟೆ ಕೂತು ವೈಜಾಗಿಗೆ ಬಂದರೆ, "ಹಾಯ್ ಮಮ್ಮಿ, ಹೌ ವಾಸ್ ದ ಜರ್ನಿ?" ಎಂದು ಮಗಳು ಬಾಗಿಲು ತೆಗೆಯುತ್ತಿದ್ದಳು. ವೆರಿ ಪೊಲೈಟ್. ಮನೆಗೆ ಬಂದ ನೆಂಟರನ್ನು ವಿಚಾರಿಸಿಕೊಳ್ಳುವ ಹಾಗೆ. ಈಗ ಹೈದರಾಬಾದಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಜಗಳವೇ ಇಲ್ಲ. ಕೋಪ ಮಾಡಿಕೊಳ್ಳಲು ನಮ್ಮಿಬ್ಬರ ನಡುವೆ ಭಾಷೆ ಇಲ್ಲ.

ಕಿಟ್ಟುವನ್ನು ನಾನು ಕೊನೆಯ ಸಲ ನೋಡಿದ್ದು 2009ರಲ್ಲಿ, ವಿಜಯವಾಡದಲ್ಲೇ. ಒಂದು ಸೀರೆ ಅಂಗಡಿಯ ಮುಂದೆ ಶಾಮಿಯಾನ ಹಾಕಿ, ಆಷಾಢದ ರಿಯಾಯಿತಿ ಎಂದು ಯಾರೋ ಮೈಕಿನಲ್ಲಿ ಕೂಗುತ್ತಿದ್ದರು. ದನಿ ಕೇಳಿ ನಿಂತೆ. ಅಂಗಡಿಯ ಹೆಸರಿದ್ದ ಟೋಪಿ ಹಾಕಿಕೊಂಡು, ಬಿಸಿಲಿನಲ್ಲಿ ಬೆವರುತ್ತ, ಅವನೇ.

ಹತ್ತಿರ ಹೋದೆ. ಗುರುತು ಹಿಡಿದು ಮೈಕ್ ಕೆಳಗಿಳಿಸಿದ. "ಅಮ್ಮಗಾರು, ಬಾಗುನ್ನಾರಾ?" ಚೆನ್ನಾಗಿದ್ದೀರಾ ಎಂದ.

ಒಂದೂವರೆ ವರ್ಷದಿಂದ ಅವನಿಗೆ ಹೇಳಬೇಕೆಂದು ಇಟ್ಟುಕೊಂಡದ್ದು ಬಹಳ ಇತ್ತು. "ಕಿಟ್ಟು, ನಿನ್ನ ಕೆಲಸ ಹೋಗಿದ್ದು ನಮ್ಮಿಂದ..." ಎಂದು ತೆಲುಗಿನಲ್ಲಿ ಶುರು ಮಾಡಿದೆ.

"ಅಯ್ಯೋ ಬಿಡಿ ಅಮ್ಮ. ನನ್ನ ಒಂದು ಹಾಡಿನ ಜಾಗ, ನನ್ನ ಇಷ್ಟ. ಬೇರೆ ಹಾಡು ಹಾಕಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆ, ಆದರೆ ಯಾರಿಗೂ ನೆನಪಿರುತ್ತಿರಲಿಲ್ಲ," ಎಂದು ನಕ್ಕ. ಅಂಗಡಿಯ ಒಳಗಿನಿಂದ ಮಾಲೀಕ ನಮ್ಮನ್ನೇ ನೋಡುತ್ತಿದ್ದ. ಕಿಟ್ಟು ಟೋಪಿ ಸರಿಮಾಡಿಕೊಂಡು ಅವಸರದಲ್ಲಿ ಕೇಳಿದ: "ಮೇಘನಾ ಹಾಡುತ್ತಾಳಲ್ಲವಾ? ಅದೊಂದು ಹೇಳಿ ಸಾಕು."

"ಹಾಡುತ್ತಾಳೆ," ಎಂದೆ. "ದಿನಾ ಹಾಡುತ್ತಾಳೆ."

ಅವನ ಮುಖ ಹೇಗೆ ಅರಳಿತು ಎಂದರೆ, ನನಗೆ ಮತ್ತೆ ತಿದ್ದಿ ಹೇಳುವ ಧೈರ್ಯ ಬರಲಿಲ್ಲ. ಎರಡೂ ಕೈ ಜೋಡಿಸಿದ, ಮೈಕ್ ಬೆರಳುಗಳ ನಡುವೆಯೇ ಇತ್ತು. ಆಮೇಲೆ ನನ್ನ ಕಡೆ ಬೆನ್ನು ಮಾಡಿ, ಬೀದಿಯ ಜನಕ್ಕೆ ಮುಖ ಮಾಡಿ, ಮೊದಲಿಗಿಂತ ಜೋರಾಗಿ ಕೂಗತೊಡಗಿದ.